ಸಕ್ರೆಬೈಲಿಗೆ ಭಾಷೆ ಹಂಚಲು ಹೊರಟವರು

2018ರಲ್ಲಿ ಕರ್ನಾಟಕದ ಹತ್ತು ಆನೆಗಳು ಉತ್ತರ ಪ್ರದೇಶದ ದುಧ್ವಾ ಕಾಡಿಗೆ ಹೋದವು. ಅಲ್ಲಿನ ಮಾವುತರು ಹಿಂದಿಯವರು, ಆನೆಗಳು ಕನ್ನಡದವು. ಕೂಗಿದ ಮಾತು ಆನೆಗೆ ತಲುಪಲಿಲ್ಲ. ಪತ್ರಿಕೆಗಳಿಗೆ ಅದೊಂದು ನಗೆಯ ಸುದ್ದಿಯಾಯಿತು. ಆನೆಯ ಕಾಲ ಬಳಿ ನಿಲ್ಲಬೇಕಾದವರಿಗೆ ಮಾತ್ರ ನಗು ಬರಲಿಲ್ಲ. ಆನೆಗೆ ಗೊತ್ತಿದ್ದ ಆಜ್ಞೆಗಳನ್ನು ಮೊದಲು ತಾವು ಕಲಿಯುವುದು, ಅವುಗಳ ಜೊತೆಗೇ ಹಿಂದಿಯನ್ನು ರೂಢಿ ಮಾಡಿಸುವುದು, ಹೀಗೆ ದಾರಿ ಕಂಡುಕೊಂಡರು. ಈ ಪ್ರಾಣಿಗೆ ಭಾಷೆಯೇ ಇಲ್ಲ, ನಾವು ಹೊಸದಾಗಿ ದಯಪಾಲಿಸೋಣ ಎಂದು ಯಾರೂ ಅನ್ನಲಿಲ್ಲ. ಹಾಗಂದುಕೊಂಡು ಹತ್ತಿರ ಹೋಗಿದ್ದರೆ ಎಲುಬು ಉಳಿಯುತ್ತಿರಲಿಲ್ಲ.

ಇಷ್ಟು ಸಾಮಾನ್ಯ ತಿಳಿವಳಿಕೆ ಆನೆಗಳ ಊರಿನ ಮಕ್ಕಳ ಪಾಲಿಗೆ ಇನ್ನೂ ಒದಗಿಲ್ಲ. ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 14 ಕಿಲೋಮೀಟರ್ ಹೋದರೆ ಸಕ್ರೆಬೈಲು ಆನೆ ಬಿಡಾರ. ಗಾಜನೂರು ಅಣೆಕಟ್ಟೆಯ ಹಿನ್ನೀರಿನಲ್ಲಿ ಬೆಳಗ್ಗೆ ಆನೆಗಳ ಸ್ನಾನ, ದಡದಲ್ಲಿ ಟಿಕೆಟ್ ಪಡೆದು ನಿಂತ ಪ್ರವಾಸಿಗಳ ಮೊಬೈಲು. ಇಲ್ಲಿನ ಮನೆಗಳಲ್ಲಿ ಕನ್ನಡ ಆಡುವವರಿದ್ದಾರೆ, ಉರ್ದು ಆಡುವವರಿದ್ದಾರೆ; ಉರ್ದು ಅಂದರೆ ಪುಸ್ತಕದ್ದಲ್ಲ, ನಮ್ಮ ಕಡೆಯ ದಖನಿ. ಅಮ್ಮನ ಜೊತೆ ಒಂದು, ಅಂಗಡಿಯಲ್ಲಿ ಇನ್ನೊಂದು, ಆನೆಯ ಮುಂದೆ ಮತ್ತೊಂದು, ಹೀಗೆ ಮೂರು ಬಗೆಯ ಮಾತನ್ನು ಪಳಗಿಸಿಕೊಂಡು ಮಗು ಆರನೇ ವರ್ಷಕ್ಕೆ ಕಾಲಿಡುತ್ತದೆ. ಆಮೇಲೆ ಪಟ್ಟಣದ ಶಾಲೆಯ ಹಳದಿ ವ್ಯಾನು ಬಂದು ಕರೆದೊಯ್ಯುತ್ತದೆ. ಅಲ್ಲಿ ಆ ಮಗುವಿನ ಮೇಲೆ ಬೀಳುವ ಮೊದಲ ಷರಾ: ಲ್ಯಾಂಗ್ವೇಜ್ ವೀಕ್.

ನಮ್ಮಲ್ಲಿ ಬೇರುಬಿಟ್ಟಿರುವ ನಂಬಿಕೆಯೊಂದನ್ನು ಈ ಷರಾ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತದೆ. ಕಾಡಂಚಿನ, ಕಾಲೊನಿಯ, ಕ್ಯಾಂಪಿನ ಮಕ್ಕಳಿಗೆ ಭಾಷೆಯಿಲ್ಲ. ಕೊಡಬೇಕಾದವರು ಪಟ್ಟಣದ ವಿದ್ಯಾಸಂಸ್ಥೆಗಳು. ಆ ಸಂಸ್ಥೆಗಳ ಟ್ರಸ್ಟಿಗಳು ಸಂಬಳವಿಲ್ಲದೆ ದುಡಿಯುವ ಪುಣ್ಯವಂತರು, ಮಕ್ಕಳನ್ನು ಜಗತ್ತಿನ ಮಟ್ಟಕ್ಕೆ ಎತ್ತುವವರು, ಅವರನ್ನು ಪ್ರಶ್ನೆ ಕೇಳುವುದು ಕೃತಘ್ನತೆ. ಪೋಷಕರು ಹೀಗೆ ನಂಬುತ್ತಾರೆ. ವಾರ್ಷಿಕೋತ್ಸವಕ್ಕೆ ಬಂದ ಶಾಸಕರು ಹೀಗೆ ಭಾಷಣ ಮಾಡುತ್ತಾರೆ. ನಾವು ಪತ್ರಿಕೆಗಳವರು ಹಾರ ಹಾಕಿಸಿಕೊಂಡ ಫೋಟೊದ ಕೆಳಗೆ ಶಿಕ್ಷಣಪ್ರೇಮಿ ಎಂದು ಅಚ್ಚು ಹಾಕುತ್ತೇವೆ. ಈ ನಂಬಿಕೆಯ ಪ್ರತಿ ಎಳೆಯೂ ಸುಳ್ಳು ಎನ್ನುವುದು ನನ್ನ ವಾದ.

ಪುಣ್ಯದ ಮಾತನ್ನು ಮೊದಲು ಮುಗಿಸೋಣ. ಟ್ರಸ್ಟಿ ಆಗುವುದೆಂದರೆ ದಾನ ಮಾಡುವುದಲ್ಲ. ದಾನ ಮಾಡಿದವನು ಬೇರೆ, ಆ ದಾನವನ್ನು ಇನ್ನೊಬ್ಬರ ಸಲುವಾಗಿ ಹಿಡಿದು ನಿಂತವನು ಬೇರೆ. ಹಿಡಿದು ನಿಂತವನಿಗೆ ಆ ಆಸ್ತಿಯಲ್ಲಿ ಸ್ವಂತದ ಹಕ್ಕಿಲ್ಲ, ಕರ್ತವ್ಯ ಮಾತ್ರ ಉಂಟು. ಶಿಕ್ಷಣ ಟ್ರಸ್ಟಿನಲ್ಲಿ ಆ ಇನ್ನೊಬ್ಬರು ಯಾರು? ಮಗು. ಶುಲ್ಕ ಕಟ್ಟುವ ಅಪ್ಪನೂ ಅಲ್ಲ, ಕಟ್ಟಡಕ್ಕೆ ಹೆಸರು ಕೊಟ್ಟ ದಾನಿಯೂ ಅಲ್ಲ. ಇದರ ಜೊತೆ ಸಾರ್ವಜನಿಕರ ದುಡ್ಡೂ ಇದೆ. 1961ರ ಆದಾಯ ತೆರಿಗೆ ಕಾಯ್ದೆ ಶಿಕ್ಷಣವನ್ನು ಧರ್ಮಕಾರ್ಯವೆಂದು ಎಣಿಸಿ ಇಂಥ ಸಂಸ್ಥೆಗಳಿಗೆ ವಿನಾಯಿತಿ ಕೊಟ್ಟಿತು. ದಾನಿಗೂ ಅದರ 80ಜಿ ಅಡಿಯಲ್ಲಿ ರಿಯಾಯಿತಿ ಸಿಕ್ಕಿತು. ನಗರಾಭಿವೃದ್ಧಿ ಪ್ರಾಧಿಕಾರಗಳು ನಾಗರಿಕ ಸೌಲಭ್ಯದ ನಿವೇಶನಗಳನ್ನು ಗುತ್ತಿಗೆಗೆ ಕೊಡುತ್ತವೆ. ಕಟ್ಟದೆ ಉಳಿದ ತೆರಿಗೆ ಕೂಡ ನಿಮ್ಮ ನಮ್ಮ ಜೇಬಿನದೇ. ಅದಕ್ಕೇ ಅದೇ ಕಾಯ್ದೆಯ 13ನೇ ಕಲಮು, ಟ್ರಸ್ಟಿನ ಲಾಭ ಟ್ರಸ್ಟಿಗೋ ಅವನ ನೆಂಟರಿಗೋ ಹರಿದರೆ ವಿನಾಯಿತಿ ಹೋಗುತ್ತದೆ ಎನ್ನುತ್ತಿತ್ತು. ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳ ಪೀಠ 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ, ಅಂದರೆ ನಮ್ಮ ಮಣಿಪಾಲದವರು ಹೂಡಿದ್ದ ಮೊಕದ್ದಮೆಯಲ್ಲಿ, ಸಂಸ್ಥೆಯ ಬೆಳವಣಿಗೆಗೆ ಬೇಕಾದ ಮಿಗತೆ ಇರಬಹುದು, ಲಾಭಕೋರತನ ಸಲ್ಲದು ಎಂದಿತು. 2022ರ ಅಕ್ಟೋಬರಿನಲ್ಲಿ ಅದೇ ಕೋರ್ಟು ಮತ್ತೂ ಬಿಗಿ ಮಾಡಿ, ವಿನಾಯಿತಿ ಬೇಕಿದ್ದರೆ ಸಂಸ್ಥೆಯ ಉದ್ದೇಶ ಶಿಕ್ಷಣ ಮತ್ತು ಶಿಕ್ಷಣ ಮಾತ್ರವೇ ಆಗಿರಬೇಕು ಎಂದು ಹೇಳಿತು.

ಹೀಗಿರುವಾಗ ಪುಣ್ಯವಂತರನ್ನು ಕೇಳಬಾರದು ಎಂಬ ಸಂಕೋಚ ಎಲ್ಲಿಂದ ಬಂತು? ಕೇಳುವ ಕಚೇರಿಯೇ ಇಲ್ಲದ್ದರಿಂದ ಬಂತು ಎಂದು ನನ್ನ ಗುಮಾನಿ. ಮಹಾರಾಷ್ಟ್ರ, ಗುಜರಾತುಗಳಲ್ಲಿ ಚಾರಿಟಿ ಕಮಿಷನರ್ ಎಂಬ ಅಧಿಕಾರಿ ಇದ್ದಾರೆ. ಟ್ರಸ್ಟುಗಳು ಅಲ್ಲಿ ನೋಂದಣಿಯಾಗಿ ಲೆಕ್ಕ ಒಪ್ಪಿಸಬೇಕು. ನಮ್ಮಲ್ಲಿ ಹಾಗಿಲ್ಲ. ಶಿವಮೊಗ್ಗದ ಟ್ರಸ್ಟೊಂದು ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಡೀಡು ಬರೆಸಿಕೊಂಡು ಹೊರಬಂದರೆ, ಆಮೇಲೆ ಅದರ ಕಡೆ ಕಣ್ಣು ಹಾಯಿಸುವುದು ಹೆಚ್ಚಾಗಿ ಆದಾಯ ತೆರಿಗೆಯವರೇ. ಅವರಿಗೆ ಬೇಕಾದ್ದು ರೂಪಾಯಿಯ ಲೆಕ್ಕ. ಡೀಡಿನಲ್ಲಿ ಬರೆದ ಉದ್ದೇಶ ಮಗುವಿನ ಬಾಯಿಗೆ ಬಂತೋ ಇಲ್ಲವೋ ಎಂದು ನೋಡುವ ಆಡಿಟರ್ ಯಾರೂ ಇಲ್ಲ.

ಆ ಉದ್ದೇಶಗಳನ್ನು ಓದಿದ್ದೀರಾ? ಟ್ರಸ್ಟ್ ಡೀಡುಗಳನ್ನು ಬರೆಯುವವರು ಹಳೆಯ ಮಾದರಿಗಳಿಂದ ಎತ್ತಿ ಬರೆಯುತ್ತಾರೆ, ಹಾಗಾಗಿ ಅವು ಒಂದರಂತೆ ಒಂದಿರುತ್ತವೆ. ಭಾಷೆಗಳ ಬೆಳವಣಿಗೆ, ಯುವಜನರ ಸರ್ವಾಂಗೀಣ ಅಭಿವೃದ್ಧಿ, ಅಂತಾರಾಷ್ಟ್ರೀಯ ಮಟ್ಟದ ಶಿಕ್ಷಣ. ಭಾಷೆಗಳ ಎಂದು ಬಹುವಚನವೇ ಇರುತ್ತದೆ. ಕಟ್ಟಡ ಏಳುವ ಹೊತ್ತಿಗೆ ಬಹುವಚನ ಕರಗಿ ಇಂಗ್ಲಿಷ್ ಒಂದೇ ಉಳಿಯುತ್ತದೆ. ಹಿಂದೊಮ್ಮೆ ಒಂದು ಸಂಸ್ಥೆಯ ಆಡಳಿತ ಮಂಡಳಿಯ ಸಭೆಯಲ್ಲಿ ಆಹ್ವಾನಿತನಾಗಿ ಕೂತಿದ್ದೆ. ಲ್ಯಾಂಗ್ವೇಜ್ ಲ್ಯಾಬಿನ ಹೆಡ್‌ಫೋನು ಯಾವ ಕಂಪನಿಯದಿರಬೇಕು ಎಂಬುದರ ಮೇಲೆ ಬಹಳ ಹೊತ್ತು ಚರ್ಚೆ ನಡೆಯಿತು. ಆ ಹೆಡ್‌ಫೋನನ್ನು ಕಿವಿಗಿಡುವ ಮಕ್ಕಳು ಮನೆಯಲ್ಲಿ ಏನು ಮಾತಾಡುತ್ತಾರೆ ಎಂದು ಕೇಳಿದ್ದಕ್ಕೆ, ಮೇಜಿನ ಸುತ್ತ ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಭ್ಯರೇ ಎಲ್ಲ. ಒಬ್ಬ ಅಡಿಕೆ ಮಂಡಿಯ ಸಾಹುಕಾರರು, ಇಬ್ಬರು ವೈದ್ಯರು, ನಿವೃತ್ತ ಇಂಜಿನಿಯರು, ಒಬ್ಬ ವಕೀಲರು. ಭಾಷೆಯ ಸಂಸ್ಥೆ ನಡೆಸುವವರಲ್ಲಿ ಭಾಷೆ ಕಲಿಸಿ ಗೊತ್ತಿದ್ದವರು ಒಬ್ಬರೂ ಇರಲಿಲ್ಲ, ಅದು ಯಾರಿಗೂ ಕೊರತೆಯೆಂದು ಕಂಡೂ ಇರಲಿಲ್ಲ.

ಇನ್ನು ಅಂತಾರಾಷ್ಟ್ರೀಯ ಎಂಬ ಬೋರ್ಡು. ಹೆದ್ದಾರಿಯ ಬದಿಯಲ್ಲಿ ಇಂಟರ್‌ನ್ಯಾಷನಲ್ ಸ್ಕೂಲ್ ಎಂದು ಬರೆದ ಕಮಾನು ಕಂಡರೆ, ಒಳಗೆ ಯಾವ ಹೊರದೇಶದ ಮಗುವೂ ಇರುವುದಿಲ್ಲ, ಯಾವ ಹೊರದೇಶದ ಪಠ್ಯವೂ ಇರುವುದಿಲ್ಲ. ಬಹಳ ಕಡೆ ಕಮಾನಿಗಿರುವ ಅರ್ಥ ಒಂದೇ, ಪಕ್ಕದ ಶಾಲೆಗಿಂತ ಶುಲ್ಕ ಹೆಚ್ಚು. ನಿಜವಾಗಿ ಅಂತಾರಾಷ್ಟ್ರೀಯ ಎನಿಸಿಕೊಂಡ ವ್ಯವಸ್ಥೆಗಳು ಏನು ಹೇಳುತ್ತವೆ ನೋಡಿ. 1968ರಲ್ಲಿ ಜಿನೀವಾದಲ್ಲಿ ಹುಟ್ಟಿದ ಇಂಟರ್‌ನ್ಯಾಷನಲ್ ಬ್ಯಾಕಲಾರಿಯೇಟ್, ತನ್ನ ಪ್ರತಿ ಶಾಲೆಗೂ ಲಿಖಿತ ಭಾಷಾ ನೀತಿ ಇರಬೇಕು, ಅದರಲ್ಲಿ ಮಕ್ಕಳ ತಾಯ್ನುಡಿಗೆ ಆಸರೆ ಕೊಡುವ ಬಗೆ ಇರಬೇಕು ಎನ್ನುತ್ತದೆ. ಯುನೆಸ್ಕೊ 1953ರಲ್ಲೇ ತಾಯ್ನುಡಿಯಲ್ಲಿ ಕಲಿಕೆ ಶುರುವಾಗಬೇಕೆಂಬ ವರದಿ ಹೊರತಂದಿತ್ತು. ನಮ್ಮ ಕಮಾನಿನ ಶಾಲೆಗಳಲ್ಲಿ ಮಗು ಬಾಯ್ತಪ್ಪಿ ಕನ್ನಡ ಆಡಿದರೆ ದಂಡ. ಜಿನೀವಾದ ಹೆಸರಿನಲ್ಲಿ ಜಿನೀವಾ ಒಪ್ಪದ ಕೆಲಸ ನಡೆಯುತ್ತಿದೆ, ಅದಕ್ಕೆ ಜಾಗತಿಕ ಗುಣಮಟ್ಟ ಎಂಬ ಹೆಸರು ಬೇರೆ.

ಶಿವಮೊಗ್ಗ ಜಿಲ್ಲೆಯಲ್ಲಿ ಅತಿ ಹೆಚ್ಚು ಅಂತಾರಾಷ್ಟ್ರೀಯ ಅನುಭವ ಇರುವ ಸಮುದಾಯ ಯಾವುದು? ನನಗೆ ಅನುಮಾನವಿಲ್ಲ, ಹಕ್ಕಿಪಿಕ್ಕಿಗಳು. 2023ರ ಏಪ್ರಿಲಿನಲ್ಲಿ ಸುಡಾನಿನಲ್ಲಿ ಸೇನೆಗೂ ಅರೆಸೇನಾ ಪಡೆಗೂ ಯುದ್ಧ ಹತ್ತಿಕೊಂಡಾಗ, ಕರ್ನಾಟಕದ 31 ಮಂದಿ ಹಕ್ಕಿಪಿಕ್ಕಿಗಳು ಸಿಕ್ಕಿಹಾಕಿಕೊಂಡಿದ್ದಾರೆ ಎಂಬ ಸುದ್ದಿ ಬಂತು. ಹುಣಸೂರು, ಚನ್ನಗಿರಿಯವರ ಜೊತೆ ಶಿವಮೊಗ್ಗದವರೂ ಅವರಲ್ಲಿದ್ದರು. ಚುನಾವಣೆಯ ಕಾಲವಾದ್ದರಿಂದ ಸಿದ್ದರಾಮಯ್ಯನವರಿಗೂ ವಿದೇಶಾಂಗ ಸಚಿವ ಜೈಶಂಕರ್ ಅವರಿಗೂ ಟ್ವಿಟರ್‌ನಲ್ಲಿ ಜಟಾಪಟಿ ನಡೆಯಿತು. ಆಪರೇಷನ್ ಕಾವೇರಿ ಎಂಬ ಕಾರ್ಯಾಚರಣೆಯಲ್ಲಿ ಸರ್ಕಾರ ಭಾರತೀಯರನ್ನು ಕರೆತಂದಿತು. ದೇಶಕ್ಕೆಲ್ಲ ಆಶ್ಚರ್ಯ: ಇವರು ಅಲ್ಲಿಗೆ ಹೋದದ್ದು ಹೇಗೆ, ಯಾಕೆ? ಗಿಡಮೂಲಿಕೆ, ಕೂದಲಿನ ಎಣ್ಣೆ ಮಾರಲು. ಆಫ್ರಿಕದ ಎಷ್ಟೋ ದೇಶಗಳಿಗೆ ಹೀಗೆ ಅವರು ವರ್ಷಗಳಿಂದ ಹೋಗಿ ಬರುತ್ತಿದ್ದಾರೆ. ವೀಸಾ, ಕಸ್ಟಮ್ಸ್, ವಿದೇಶಿ ವಿನಿಮಯ, ಗುರುತಿಲ್ಲದ ಸಂತೆಯಲ್ಲಿ ಗುರುತಿಲ್ಲದ ಭಾಷೆಯ ಚೌಕಾಸಿ, ಎಲ್ಲವನ್ನೂ ಬದುಕಿ ಕಲಿತವರು. ಮನೆಯಲ್ಲಿ ವಾಗ್ರಿ ಎಂಬ ತಮ್ಮದೇ ಭಾಷೆ, ಅದು ಗುಜರಾತಿ, ರಾಜಸ್ಥಾನಿಗಳ ಕಡೆಯ ನುಡಿ, ಊರಲ್ಲಿ ಕನ್ನಡ, ಹೊರಗೆ ಹೋದಲ್ಲಿ ಅಲ್ಲಿನ ಸಂತೆಯ ಮಾತು. ಇವರ ಮಕ್ಕಳು ಯಾವುದಾದರೂ ಶಾಲೆಯ ಬಾಗಿಲಿಗೆ ಬಂದರೆ ಮತ್ತೆ ಅದೇ ಷರಾ. ಸುಡಾನಿನ ಎಲ್ ಫಾಶರ್ ಎಂಬ ಊರನ್ನು ಭೂಪಟದಲ್ಲಿ ತೋರಿಸಲಾರದ ಆಡಳಿತ ಮಂಡಳಿ, ಅಲ್ಲಿ ವ್ಯಾಪಾರ ಮಾಡಿ ಬಂದವನ ಮಗಳಿಗೆ ಜಾಗತಿಕ ಪ್ರಜ್ಞೆ ಕಲಿಸುತ್ತೇನೆಂದು ಕರಪತ್ರ ಹಂಚುತ್ತದೆ.

ಮತ್ತೂರಿನ ಕಥೆ ಇನ್ನೊಂದು ಬಗೆಯದು. ತುಂಗೆಯ ದಡದ ಈ ಹಳ್ಳಿ ಎಂಬತ್ತರ ದಶಕದಿಂದ ಸಂಸ್ಕೃತ ಗ್ರಾಮವೆಂದು ಲೋಕಕ್ಕೆಲ್ಲ ಗೊತ್ತು. ವಿದೇಶದ ಕ್ಯಾಮೆರಾಗಳು ಬಂದು ಹೋಗುತ್ತಲೇ ಇರುತ್ತವೆ. ಸಂಸ್ಕೃತದ ಬಗ್ಗೆ ನನಗೆ ತಕರಾರಿಲ್ಲ, ಯಾರು ಯಾವ ಭಾಷೆ ಆಡಿದರೂ ಸಂತೋಷವೇ. ಆದರೆ ಆ ಊರಿನ ಸಂಕೇತಿಗಳ ಮನೆಮಾತು ಸಂಕೇತಿ. ತಮಿಳು, ಮಲಯಾಳ, ಕನ್ನಡ ಸೇರಿ ಹದಗೊಂಡ, ಬರಹದಲ್ಲಿ ಹೆಚ್ಚು ಕಾಣಿಸಿಕೊಳ್ಳದ ನುಡಿ. ಅಜ್ಜಿ ಬೈಯುವುದು ಅದರಲ್ಲಿ, ಮುದ್ದಿಸುವುದೂ ಅದರಲ್ಲಿ. ಕ್ಯಾಮೆರಾ ಹಿಡಿದು ಬಂದವರಲ್ಲಿ ಎಷ್ಟು ಮಂದಿ ಸಂಕೇತಿಯನ್ನು ಕೇಳಿಸಿಕೊಂಡಿದ್ದಾರೆ? ಭಾಷೆಯ ಹೆಸರಿನ ಧರ್ಮಕಾರ್ಯ ಯಾವಾಗಲೂ ಎತ್ತರದ ಪೀಠದಲ್ಲಿ ಕೂತ ಭಾಷೆಯ ಕಡೆಗೇ ಹರಿಯುತ್ತದೆ ಎಂಬುದಕ್ಕೆ ಇಷ್ಟು ಸಾಕು. ಶಿವಮೊಗ್ಗ ತಾಲ್ಲೂಕಿನ ತಾಂಡಾಗಳ ಲಂಬಾಣಿಗೂ ಇದೇ ಗತಿ.

ಭದ್ರಾವತಿಯಲ್ಲಿ ಟ್ರಸ್ಟಿನ ನೆರವಿಲ್ಲದೆಯೇ ಭಾಷೆಗಳು ಒಟ್ಟಿಗೆ ಬಾಳಿದ್ದವು. 1923ರಲ್ಲಿ ಶುರುವಾದ ಕಬ್ಬಿಣದ ಕಾರ್ಖಾನೆ, ಮೂವತ್ತರ ದಶಕದಲ್ಲಿ ಬಂದ ಕಾಗದದ ಕಾರ್ಖಾನೆ, ಎರಡೂ ತಮಿಳು, ತೆಲುಗು, ಮಲಯಾಳ, ಉರ್ದು ಆಡುವ ಕೆಲಸಗಾರರನ್ನು ಒಂದೇ ಕ್ವಾರ್ಟರ್ಸಿನ ಸಾಲಿಗೆ ತಂದವು. ಶಿಫ್ಟು ಬಿಟ್ಟಾಗ ಮೂರು ಭಾಷೆ ಬಾರದವನು ಅಲ್ಲಿ ಅಪರೂಪ. ಕಾಗದದ ಕಾರ್ಖಾನೆಯಾದ ಎಂಪಿಎಂ 2015ರಲ್ಲಿ ನಿಂತಿತು. ಕಾಲೊನಿಗಳು ಖಾಲಿಯಾಗುತ್ತ ಹೋದವು. ಆ ಬೀದಿಗಳಲ್ಲಿ ಮಕ್ಕಳು ಬಿಟ್ಟಿಯಾಗಿ ಕಲಿಯುತ್ತಿದ್ದುದನ್ನು ಈಗ ಮಲ್ಟಿಲಿಂಗ್ವಲ್ ಎಕ್ಸ್‌ಪೋಷರ್ ಎಂದು ಕರಪತ್ರದಲ್ಲಿ ಮಾರುತ್ತಾರೆ.

ಇಷ್ಟು ಹೊತ್ತಿಗೆ ಬಾನು ಮುಷ್ತಾಕ್ ಹೆಸರು ನಿಮ್ಮ ನಾಲಿಗೆ ತುದಿಗೆ ಬಂದಿರಬಹುದು. 2025ರ ಮೇ ತಿಂಗಳಲ್ಲಿ ಅವರ ಕಥೆಗಳನ್ನು ದೀಪಾ ಭಾಸ್ತಿಯವರು ಅನುವಾದಿಸಿದ ‘ಹಾರ್ಟ್ ಲ್ಯಾಂಪ್’ ಇಂಟರ್‌ನ್ಯಾಷನಲ್ ಬೂಕರ್ ಗೆದ್ದಾಗ, ಕನ್ನಡ ಶಾಲೆಯಲ್ಲಿ ಓದಿದವರು ಜಗತ್ತನ್ನು ಗೆದ್ದರು ಎಂದು ನಾವೆಲ್ಲ ಬೀಗಿದೆವು. ಆ ಶಾಲೆ ಇದ್ದದ್ದು ಶಿವಮೊಗ್ಗದಲ್ಲೇ. ಉರ್ದು ಮನೆಮಾತಿನ ಎಂಟು ವರ್ಷದ ಹುಡುಗಿಯನ್ನು ಇಲ್ಲಿನ ಕನ್ನಡ ಮಾಧ್ಯಮದ ಮಿಷನರಿ ಶಾಲೆಗೆ ಸೇರಿಸಿಕೊಂಡಾಗ ಒಂದು ಷರತ್ತು ಹಾಕಿದ್ದರು: ಆರು ತಿಂಗಳಲ್ಲಿ ಕನ್ನಡ ಓದಿ ಬರೆಯಲು ಕಲಿಯಬೇಕು. ಆಕೆ ಕೆಲವೇ ದಿನಗಳಲ್ಲಿ ಬರೆಯತೊಡಗಿದರು. ಈ ಪ್ರಸಂಗವನ್ನು ವೇದಿಕೆಗಳಲ್ಲಿ ಹೇಳುವವರು ಷರತ್ತನ್ನು ಮೆಚ್ಚುವ ದನಿಯಲ್ಲಿ ಹೇಳುತ್ತಾರೆ, ಶಿಸ್ತು ಅಂದರೆ ಹಾಗಿರಬೇಕು ಎಂಬಂತೆ. ನನಗೆ ಆ ಷರತ್ತೇ ಚುಚ್ಚುತ್ತದೆ. ದೇಶಕ್ಕೊಬ್ಬರಂತೆ ಹುಟ್ಟುವ ಪ್ರತಿಭೆಯೊಂದು ಬೇಲಿ ಹಾರಿತು ಎಂದರೆ ಬೇಲಿ ಸರಿಯಾಗಿತ್ತು ಎಂದಾಗುವುದಿಲ್ಲ. ಆರು ತಿಂಗಳಲ್ಲಿ ಕಲಿಯಲಾಗದೆ ಹಿಂದಿನ ಬೆಂಚಿಗೆ, ಅಲ್ಲಿಂದ ಗ್ಯಾರೇಜಿಗೆ, ಬೀಡಿಯ ಮೊರಕ್ಕೆ ಹೋದ ಮಕ್ಕಳಿಗೆ ಯಾರೂ ಸನ್ಮಾನ ಇಟ್ಟುಕೊಳ್ಳುವುದಿಲ್ಲ. ಕಲಿಸುವ ಹೊಣೆಯನ್ನು ಮಗುವಿನ ತಲೆಗೆ ಕಟ್ಟಿ ಸಂಸ್ಥೆ ಕೈತೊಳೆದುಕೊಳ್ಳುವ ಕ್ರಮ ಅಂದು ಕನ್ನಡದ ಹೆಸರಿನಲ್ಲಿತ್ತು, ಇಂದು ಇಂಗ್ಲಿಷಿನ ಹೆಸರಿನಲ್ಲಿದೆ. ಕನ್ನಡಾಭಿಮಾನಿಗಳು ಇದನ್ನು ಕೇಳಿ ಸಿಟ್ಟಾದರೆ ಆಗಲಿ. ದಖನಿ ಆಡುವ ಮಗುವಿನ ಎದುರು ಕನ್ನಡವೂ ಪಟ್ಟದ ಭಾಷೆಯೇ.

ಹಾಗೆಂದು ಆ ಕಥೆಯ ಇನ್ನೊಂದು ಮಗ್ಗುಲನ್ನು ಬಿಡಲಾಗದು. ಹುಡುಗಿ ಮನೆಯ ಉರ್ದುವನ್ನು ಕಳೆದುಕೊಳ್ಳಲಿಲ್ಲ. ಅವರ ಕಥೆಗಳ ಕನ್ನಡದೊಳಗೆ ದಖನಿಯ ಉಸಿರು ಆಡುತ್ತಲೇ ಇದೆ. ಲಂಡನ್ನಿನ ತನಕ ಹೋಗಿ ಮುಟ್ಟಿದ್ದು ಇಂಥ ಕನ್ನಡ, ಒಂದು ಭಾಷೆಯೊಳಗೆ ಇನ್ನೆರಡು ಭಾಷೆ ಬಾಳುವ ಕನ್ನಡ. ಸಕ್ರೆಬೈಲು ದಾಟಿ ಅದೇ ರಸ್ತೆಯಲ್ಲಿ ಮುಂದೆ ಹೋದರೆ ಸಿಗುವ ತೀರ್ಥಹಳ್ಳಿ ಸೀಮೆಯವರೇ ಆದ ಅನಂತಮೂರ್ತಿಯವರು, ಮೇಳಿಗೆಯಿಂದ ಹೊರಟವರು, ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಮೇಲೆ ಬರ್ಮಿಂಗ್‌ಹ್ಯಾಮಿಗೆ ಹೋಗಿ, ಇಂಗ್ಲಿಷಿನಲ್ಲಿ ಪಿಎಚ್.ಡಿ ಮಾಡುತ್ತ, ‘ಸಂಸ್ಕಾರ’ವನ್ನು ಬರೆದದ್ದು ಕನ್ನಡದಲ್ಲಿ. ಇಬ್ಬರೂ ಕಮಾನಿನ ಶಾಲೆಯ ಕೂಸುಗಳಲ್ಲ.

ಇನ್ನೂ ಹತ್ತಿರದ ಉದಾಹರಣೆ ಬೇಕಿದ್ದರೆ ಸಕ್ರೆಬೈಲಿಗೆ ಹೋಗುವ ದಾರಿಯಲ್ಲೇ ಇದೆ. ಗಾಜನೂರಿನಲ್ಲಿ ಜವಾಹರ ನವೋದಯ ವಿದ್ಯಾಲಯವಿದೆ. 1986ರಲ್ಲಿ ಹುಟ್ಟಿದ ಈ ಯೋಜನೆಯಲ್ಲಿ ಮುಕ್ಕಾಲು ಪಾಲು ಸೀಟು ಹಳ್ಳಿಯ ಮಕ್ಕಳಿಗೆ. ಪ್ರವೇಶ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ಮೊದಲ ವರ್ಷಗಳಲ್ಲಿ ಪಾಠ ಪ್ರಾದೇಶಿಕ ಭಾಷೆಯಲ್ಲಿ, ಆಮೇಲೆ ಇಂಗ್ಲಿಷು, ಹಿಂದಿಗಳಿಗೆ ದಾಟು. ಒಂಬತ್ತನೇ ತರಗತಿಯಲ್ಲಿ ನೂರಕ್ಕೆ ಮೂವತ್ತರಷ್ಟು ಮಕ್ಕಳು ಒಂದು ವರ್ಷದ ಮಟ್ಟಿಗೆ ಹಿಂದಿ ಸೀಮೆಯ ನವೋದಯಕ್ಕೆ ಹೋಗುತ್ತಾರೆ, ಅಲ್ಲಿಯವರು ಇಲ್ಲಿಗೆ ಬರುತ್ತಾರೆ. ಇದರಲ್ಲಿ ದೋಷಗಳಿಲ್ಲವೆಂದಲ್ಲ; ವಿನಿಮಯ ಎನ್ನುವುದು ಹಿಂದಿಯ ಸುತ್ತಲೇ ಯಾಕೆ ಗಿರಕಿ ಹೊಡೆಯಬೇಕು, ಅಸ್ಸಾಮಿನಂಥ ಕಡೆಗೆ ಯಾಕಿಲ್ಲ ಎಂಬುದು ನ್ಯಾಯವಾದ ಪ್ರಶ್ನೆ. ಆದರೂ ಶುಲ್ಕದ ಹೊರೆಯಿಲ್ಲದೆ, ಮಗುವಿನ ಭಾಷೆಯಿಂದ ಶುರುಮಾಡಿ, ಹೊರಗಿನ ಊರಿನ ಅನ್ನ ಉಣ್ಣಿಸಿ ಭಾಷೆ ಕಲಿಸುವ ಪ್ರಯೋಗವೊಂದು ನಮ್ಮ ಮೂಗಿನ ಕೆಳಗೇ ನಡೆದಿದೆ. ಜಿಲ್ಲೆಯ ಎಷ್ಟು ವಿದ್ಯಾಸಂಸ್ಥೆಗಳ ಟ್ರಸ್ಟಿಗಳು ಅಲ್ಲಿಗೆ ಹೋಗಿ, ಹೇಗೆ ಮಾಡುತ್ತೀರಿ ಎಂದು ಕೇಳಿದ್ದಾರೆ? ಅಧ್ಯಯನ ಪ್ರವಾಸವೆಂದರೆ ಅವರಿಗೆ ಸಿಂಗಪುರ.

ಸರ್ಕಾರದ ದುಡ್ಡಿದ್ದರೆ ಯಾರು ಬೇಕಾದರೂ ಮಾಡಬಹುದು ಎನ್ನುವವರು ಸಾಗರದ ಹೆಗ್ಗೋಡಿನ ಕಡೆ ನೋಡಲಿ. 1949ರಲ್ಲಿ ಊರವರು ಕಟ್ಟಿಕೊಂಡ ನೀನಾಸಂ, ಕೆ.ವಿ. ಸುಬ್ಬಣ್ಣನವರ ಕಾಲದಲ್ಲಿ ಜಗತ್ತಿನ ಸಿನಿಮಾಗಳನ್ನು ಅಡಿಕೆ ತೋಟದ ಜನಕ್ಕೆ ತೋರಿಸಿತು. ಷೇಕ್ಸ್‌ಪಿಯರನ್ನೂ ಬ್ರೆಕ್ಟನನ್ನೂ ಕನ್ನಡದಲ್ಲಿ ಆಡಿಸಿತು, 1985ರಿಂದ ತಿರುಗಾಟದ ಮೂಲಕ ಊರೂರಿಗೆ ಒಯ್ದಿತು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಬಂದದ್ದು ಈ ಕೆಲಸಕ್ಕೆ. ಹೆಗ್ಗೋಡಿನ ಹುಡುಗನಿಗೆ ಕುರೊಸಾವಾ ಗೊತ್ತಾಗಲು ಮೊದಲು ಕನ್ನಡ ಮರೆಯಬೇಕಾಗಿರಲಿಲ್ಲ.

ಈಗ ಎದುರಾಳಿಗಳ ಬಲವಾದ ಅಸ್ತ್ರಕ್ಕೆ ಬರೋಣ. ಪೋಷಕರೇ ಇಂಗ್ಲಿಷ್ ಬೇಕು ಎನ್ನುತ್ತಾರಲ್ಲ, ಮಾವುತರೂ ಅದನ್ನೇ ಕೇಳುತ್ತಾರಲ್ಲ, ನಾವು ಬೇಡ ಅನ್ನಲು ಯಾರು? ಮಾತು ನಿಜ. ಮಾವುತನ ಮಗ ಮಾವುತನೇ ಆಗಬೇಕೆಂದು ಪಟ್ಟಣದಲ್ಲಿ ಕೂತು ಬಯಸುವುದು ಕ್ರೌರ್ಯ. ಇಂಗ್ಲಿಷು ಕೋರ್ಟಿನಲ್ಲಿದೆ, ಆಸ್ಪತ್ರೆಯಲ್ಲಿದೆ, ಬೆಂಗಳೂರಿನ ಕೆಲಸದಲ್ಲಿದೆ. ಅದು ಬಡವರಿಗೆ ಬೇಡ ಎನ್ನುವ ಕನ್ನಡಪ್ರೇಮಿಯ ಮಕ್ಕಳು ಎಲ್ಲಿ ಓದುತ್ತಿದ್ದಾರೆಂದು ಎಲ್ಲರಿಗೂ ಗೊತ್ತು. ಆದರೆ ಪೋಷಕರು ಕೇಳಿದ್ದು ಇಂಗ್ಲಿಷನ್ನು. ಟ್ರಸ್ಟುಗಳು ಮಾರಿದ್ದು ಇಂಗ್ಲಿಷ್ ಮಾಧ್ಯಮವನ್ನು. ಎರಡೂ ಒಂದೇ ಎಂದು ನಂಬಿಸಿದ್ದೇ ನಮ್ಮ ಕಾಲದ ಬಹುದೊಡ್ಡ ವ್ಯಾಪಾರ. 2007-08ರಿಂದ ಸರ್ಕಾರಿ ಕನ್ನಡ ಶಾಲೆಗಳಲ್ಲೂ ಒಂದನೇ ತರಗತಿಯಿಂದ ಇಂಗ್ಲಿಷ್ ಒಂದು ವಿಷಯವಾಗಿದೆ. ಅದನ್ನು ಚೆನ್ನಾಗಿ ಕಲಿಸುವ ಶಿಕ್ಷ‌ಕರನ್ನು ತಯಾರು ಮಾಡಲು ಎಷ್ಟು ಧರ್ಮಾರ್ಥ ಸಂಸ್ಥೆಗಳು ಮುಂದೆ ಬಂದವು? ಗಣಿತವನ್ನೂ ಪರಿಸರವನ್ನೂ ಅರಿಯದ ಭಾಷೆಯಲ್ಲಿ ಬಾಯಿಪಾಠ ಮಾಡಿಸಿದರೆ ಇಂಗ್ಲಿಷೂ ಬರುವುದಿಲ್ಲ, ಗಣಿತವೂ ಬರುವುದಿಲ್ಲ.

ಕೋರ್ಟು ನಮ್ಮ ಪರ ಇದೆ ಎಂದು ಅವರು ಹೇಳಬಹುದು. 1994ರ ಭಾಷಾ ನೀತಿಯ ಆದೇಶವನ್ನು ಹೈಕೋರ್ಟು 2008ರಲ್ಲಿ ಖಾಸಗಿ ಶಾಲೆಗಳ ಮಟ್ಟಿಗೆ ಒಪ್ಪಲಿಲ್ಲ, 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೂ ತಾಯ್ನುಡಿ ಮಾಧ್ಯಮವನ್ನು ಸರ್ಕಾರ ಹೇರಕೂಡದು ಎಂದಿತು. ಸರಿ. ಆ ತೀರ್ಪು ಸರ್ಕಾರದ ಕೈಗೆ ಕಡಿವಾಣ ಹಾಕಿತೇ ಹೊರತು, ಮಗುವಿನ ಮನೆಮಾತನ್ನು ಕಡೆಗಣಿಸಿ ಎಂದು ಟ್ರಸ್ಟಿಗಳಿಗೆ ಆಜ್ಞೆ ಮಾಡಲಿಲ್ಲ. ಸರ್ಕಾರ ಹೇರಲಾರದ್ದನ್ನು ಟ್ರಸ್ಟಿಗಳು ತಾವಾಗಿ ಮಾಡಬಹುದು; ಸ್ವಯಂಸೇವೆ ಎಂಬುದಕ್ಕೆ ಬೇರೆ ಅರ್ಥ ಏನಿದೆ? ಆಯ್ಕೆ ಪೋಷಕರದು ಎಂದು ಕೋರ್ಟಿನಲ್ಲಿ ವಾದಿಸಿ ಗೆದ್ದವರು, ತಮ್ಮ ಆಡಳಿತ ಮಂಡಳಿಯಲ್ಲಿ ಒಬ್ಬ ಪೋಷಕರಿಗೂ ಕುರ್ಚಿ ಕೊಡದೆ ಕೂತಿದ್ದಾರೆ.

ಇನ್ನೊಂದು ತಕರಾರು, ಇಷ್ಟೊಂದು ಸಣ್ಣ ಭಾಷೆಗಳಲ್ಲಿ ಪಾಠ ಮಾಡಲು ಆಗುತ್ತದೆಯೇ ಎಂಬುದು. ವಾಗ್ರಿಯಲ್ಲಿ ಭೌತಶಾಸ್ತ್ರ ಬರೆಯಿರಿ ಎಂದು ಯಾರೂ ಕೇಳಿಲ್ಲ. ಒಡಿಶಾ 2006ರ ಸುಮಾರಿಗೆ ಹತ್ತು ಬುಡಕಟ್ಟು ಭಾಷೆಗಳಲ್ಲಿ ಮೊದಲ ತರಗತಿಗಳ ಪಾಠ ಶುರುಮಾಡಿ, ಆಮೇಲೆ ಒಡಿಯಾಕ್ಕೆ, ಇಂಗ್ಲಿಷಿಗೆ ಮಕ್ಕಳನ್ನು ದಾಟಿಸುವ ಕ್ರಮ ತಂದಿತು. ಭಾಷೆಗಳ ಸಂಖ್ಯೆಯನ್ನು ಮುಂದೆ ಹೆಚ್ಚಿಸಿಕೊಂಡಿತು. ನಮ್ಮಲ್ಲೇ 2010ರಿಂದ ತುಳು ಮೂರನೇ ಭಾಷೆಯಾಗಿ ಶಾಲೆಗೆ ಬಂದಿದೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ 1969ರಿಂದ ಇಂಥ ಭಾಷೆಗಳಿಗೆ ವ್ಯಾಕರಣ, ನಿಘಂಟು, ಪ್ರಾರಂಭಿಕ ಪಾಠ ಮಾಡಿಕೊಡುವ ಕೆಲಸದಲ್ಲಿದೆ. ಶಿವಮೊಗ್ಗದಿಂದ ಒಂದು ದಿನದ ಪ್ರಯಾಣ. ಇಷ್ಟು ದೂರವೂ ಬೇಡವೆಂದರೆ, ಮಗುವಿನ ಭಾಷೆ ಬಲ್ಲ ಆಯಾ ಒಬ್ಬರು ಒಂದನೇ ತರಗತಿಯಲ್ಲಿ ಕೂತರೆ ಸಾಕು, ಅರ್ಧ ಕೆಲಸ ಆದಂತೆ. ಲ್ಯಾಬಿನ ಹೆಡ್‌ಫೋನುಗಳಿಗಿಂತ ಆಕೆಯ ಸಂಬಳ ಕಡಿಮೆಯೇ.

ಹಾಗಾದರೆ ಪ್ರಶ್ನೆ ಕೇಳುವವರು ಯಾರು? 1908ರ ದಿವಾಣಿ ಪ್ರಕ್ರಿಯಾ ಸಂಹಿತೆಯ 92ನೇ ಕಲಮು ಇದಕ್ಕೆ ಉತ್ತರ ಕೊಟ್ಟು ಬಹಳ ಕಾಲವಾಯಿತು. ಸಾರ್ವಜನಿಕ ಧರ್ಮಾರ್ಥ ಟ್ರಸ್ಟಿನಲ್ಲಿ ಹಿತಾಸಕ್ತಿಯಿರುವ ಇಬ್ಬರು, ಕೋರ್ಟಿನ ಅನುಮತಿ ಪಡೆದು, ಟ್ರಸ್ಟಿಯನ್ನು ತೆಗೆಯಿರಿ, ಲೆಕ್ಕ ಕೇಳಿ, ಆಡಳಿತಕ್ಕೆ ಸ್ಕೀಮು ಮಾಡಿಕೊಡಿ ಎಂದು ದಾವೆ ಹೂಡಬಹುದು. ಇಬ್ಬರೇ ಸಾಕು. ಮಾವುತರ ಮನೆಯೊಬ್ಬ ತಂದೆ, ಹಕ್ಕಿಪಿಕ್ಕಿ ಕ್ಯಾಂಪಿನ ಒಬ್ಬ ತಾಯಿ ಸೇರಿದರೂ ಆದೀತು. ಅಷ್ಟಕ್ಕೆ ಹೋಗಬೇಕಾಗಿಲ್ಲ ಎಂಬುದು ನನ್ನ ಆಸೆ, ಕೋರ್ಟಿನ ಮೆಟ್ಟಿಲು ಹತ್ತಿದ ಶಾಲೆಯಲ್ಲಿ ಮಕ್ಕಳಿಗೆ ಪಾಠವಾಗುವುದಿಲ್ಲ.

ಅದಕ್ಕಿಂತ ಸಲೀಸಾದ ದಾರಿಯೊಂದಿದೆ. ಪ್ರತಿ ಶಾಲೆಯೂ ಪ್ರತಿ ವರ್ಷ ಯುಡೈಸ್ ಎಂಬ ಸರ್ಕಾರಿ ಮಾಹಿತಿ ಜಾಲದಲ್ಲಿ ಒಂದೊಂದು ಮಗುವಿನ ವಿವರ ತುಂಬಬೇಕು. ಹುಟ್ಟಿದ ದಿನ, ಜಾತಿ, ಅಪ್ಪ ಅಮ್ಮನ ಹೆಸರುಗಳ ಸಾಲಿನಲ್ಲೇ ತಾಯ್ನುಡಿಯ ಕಲಮೂ ಇದೆ. ಎಷ್ಟೋ ಕಡೆ ಗುಮಾಸ್ತರು ಕೇಳುವ ಗೋಜಿಗೇ ಹೋಗದೆ ಎಲ್ಲರಿಗೂ ಕನ್ನಡ ಎಂದು ಒತ್ತಿ ಮುಂದೆ ಹೋಗುತ್ತಾರೆ. ಮಗುವನ್ನು, ಮನೆಯವರನ್ನು ಕೇಳಿ ಆ ಕಲಮನ್ನು ಸರಿಯಾಗಿ ತುಂಬಿಸಿ, ತರಗತಿವಾರು ಕೂಡಿಸಿ, ವಾರ್ಷಿಕ ಸಭೆಯ ಮೇಜಿನ ಮೇಲಿಡಿ ಎಂದು ಮುಖ್ಯೋಪಾಧ್ಯಾಯರಿಗೆ ಹೇಳಲು ಟ್ರಸ್ಟಿಗೆ ಯಾವ ಕಾನೂನಿನ ಅಡ್ಡಿಯೂ ಇಲ್ಲ, ಒಂದು ರೂಪಾಯಿ ಖರ್ಚೂ ಇಲ್ಲ. ಆ ಹಾಳೆಯನ್ನು ಎದುರಿಗಿಟ್ಟುಕೊಂಡು ಮೊದಲ ಬಜೆಟ್ ಮಾಡುವ ಆಡಳಿತ ಮಂಡಳಿ ಶಿವಮೊಗ್ಗದಲ್ಲೋ ಭದ್ರಾವತಿಯಲ್ಲೋ ಯಾವುದಾದರೂ ಇದ್ದರೆ, ಅವರ ಫೋಟೊದ ಕೆಳಗೆ ಶಿಕ್ಷಣಪ್ರೇಮಿ ಎಂದು ಬರೆಯಲು ನನ್ನ ಅಡ್ಡಿಯಿಲ್ಲ.